ಕಲಾಯಿ ಹೋದ ಲೋಟ

ನಮ್ಮ ಇಂಗ್ಲಿಷ್ ಮಾಸ್ತರು ತೀರಿಕೊಂಡರೆಂದು ಹೇಳಲು ಮಾನ್ವಿಯಿಂದ ಇಬ್ಬರು ನನ್ನ ಮನೆಗೆ ಬಂದಿದ್ದರು. ಇಬ್ಬರೂ ನನಗಿಂತ ಬಹಳ ಚಿಕ್ಕವರು. ಮಾಸ್ತರ ಮುಪ್ಪಿನ ಕಾಲದಲ್ಲಿ ಅವರ ಮನೆಯ ಕಟ್ಟೆಯ ಮೇಲೆ ಟ್ಯೂಶನ್ನಿಗೆ ಕೂತವರು. ಊರಲ್ಲಿ ಸಭೆ ಇಟ್ಟಿದ್ದಾರಂತೆ. "ನೀವು ಅವರ ಹಳೇ ಶಿಷ್ಯರು. ಬಂದು ನಾಕು ಒಳ್ಳೆ ಮಾತು ಆಡಬೇಕ್ರಿ" ಎಂದರು. ನನಗೆ ನಗು ಬಂತು. ಆ ಮನುಷ್ಯನಿಂದ ನಾನು ಕಲಿತದ್ದೂ ನಾಲ್ಕೇ ಮಾತು. ಕೈ ಮುಗಿದು, ತುಸು ಬಾಗಿ, "ಈಗ ಆಗೂದಿಲ್ರಿ" ಎಂದೆ. ಪಾಪ, ನನಗೆ ಮೈ ಸರಿಯಿಲ್ಲ ಎಂದುಕೊಂಡಿರಬೇಕು. ನನ್ನ ಮೈ ಸರಿಯಾಗಿಯೇ ಇದೆ. ಸಭೆಗೆ ಹೋದರೆ ಸತ್ತವರ ವಿಷಯದಲ್ಲಿ ಸುಳ್ಳು ಹೇಳಬೇಕಾಗುತ್ತದೆ. ಅವರ ವಿಷಯದಲ್ಲಿ ಒಂದು ಸುಳ್ಳನ್ನು ನಾನು ಆಗಲೇ ಹೇಳಿದ್ದೇನೆ, ಎರಡನೆಯದಕ್ಕೆ ಮನಸ್ಸಿಲ್ಲ.

ಸಭೆಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಅವರು ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ, ನಾನೇಕೆ ಅವರ ಹೆಸರು ಬರೆಯಲಿ?

ಆಗ ನಿಜಾಮರ ಕಾಲ. ರಾಯಚೂರಿನ ಒಂದು ಶಾಲೆಯಲ್ಲಿ ಅವರು ಇಂಗ್ಲಿಷ್ ಕಲಿಸುತ್ತಿದ್ದರು. ತೆಳ್ಳನೆಯ ಆಳು, ಕಪ್ಪು ಟೋಪಿ, ಕುತ್ತಿಗೆಯ ತನಕ ಗುಂಡಿ ಹಾಕಿದ ಕೋಟು. ಬೇಸಿಗೆಯಲ್ಲಿ ರಾಯಚೂರಿನ ಬಂಡೆಗಳು ಕಾದು ಊರೇ ಹೆಂಚಾಗಿದ್ದಾಗಲೂ ಮೇಲಿನ ಗುಂಡಿ ಬಿಚ್ಚಿದ್ದನ್ನು ಯಾರೂ ಕಂಡಿಲ್ಲ. ಮನೆಯಿಂದ ಬರುವಾಗ ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಮಜ್ಜಿಗೆಯ ತಂಬಿಗೆ. ತಂಬಿಗೆಯ ಬಾಯಿಗೆ ಒಂದು ಹಿತ್ತಾಳೆ ಲೋಟ ಮುಚ್ಚಿರುತ್ತಿತ್ತು. ಒಳಗೆ ಕಲಾಯಿ ಹಾಕಿಸಿ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದ ಲೋಟ.

ಆ ಲೋಟವೇ ಅವರ ಪಾಠ. ಇಂಗ್ಲಿಷಿನಲ್ಲಿ ಬೇಡ, ಇಲ್ಲ, ಅಲ್ಲ ಅನ್ನುವುದಕ್ಕೆ ಒಂದಲ್ಲ ನಾಲ್ಕು ಮಾತಿವೆ, ರೆಫ್ಯೂಸ್, ಡಿಕ್ಲೈನ್, ರಿಜೆಕ್ಟ್, ಡಿನೈ. ಹುಡುಗರು ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿ ಬರೆಯುತ್ತಿದ್ದರು. ಮಾಸ್ತರು ಬೆತ್ತ ಎತ್ತುತ್ತಿರಲಿಲ್ಲ. ಲೋಟಕ್ಕೆ ಮಜ್ಜಿಗೆ ಸುರಿದು ಹುಡುಗನ ಮುಂದೆ ಹಿಡಿದು, "ತಗೋ" ಅನ್ನುತ್ತಿದ್ದರು. ರೆಫ್ಯೂಸ್ ಎಂದರೆ ಹುಡುಗ ಕೈ ಹಿಂದೆ ಕಟ್ಟಿ ಮುಖ ತಿರುಗಿಸಬೇಕು. ಡಿಕ್ಲೈನ್ ಎಂದರೆ ಕೈ ಮುಗಿದು, ಬಾಗಿ, "ಈಗ ಬ್ಯಾಡ್ರಿ" ಅನ್ನಬೇಕು. ರಿಜೆಕ್ಟ್ ಎಂದರೆ ಲೋಟವನ್ನು ಕೈಗೆ ತೆಗೆದುಕೊಂಡು, ಮೂಸಿ ನೋಡಿ, ಕಿಟಕಿಯಿಂದ ಹೊರಗೆ ಚೆಲ್ಲಬೇಕು. ಕೊನೆಯದು ಡಿನೈ. ಮಜ್ಜಿಗೆಯನ್ನು ಪೂರಾ ಕುಡಿದು, ಎಡಗೈಯ ಹಿಂಬದಿಯಿಂದ ತುಟಿ ಒರೆಸಿ, ಮಾಸ್ತರ ಕಣ್ಣಲ್ಲಿ ಕಣ್ಣಿಟ್ಟು "ನಾ ಕುಡದಿಲ್ಲ" ಅನ್ನಬೇಕು.

"ಬ್ಯಾಡ ಅನ್ನಾಕ ಧೈರ್ಯ ಬೇಕು, ಕುಡದಿಲ್ಲ ಅನ್ನಾಕ ಮಾರಿ ಗಟ್ಟಿ ಇರಬೇಕು. ಅದಕ್ಕ ಡಿನೈ ಭಾಳ ಕಠಿಣ" ಎಂದು ಅವರು ಹೇಳುತ್ತಿದ್ದರು. ಹುಡುಗರು ಆ ನಾಲ್ಕನೆಯದನ್ನು ಮಾಡಲು ಮುಗಿಬೀಳುತ್ತಿದ್ದರು. ಮಾತಿಗಾಗಿ ಅಲ್ಲ, ಮಜ್ಜಿಗೆಗಾಗಿ.

ನನ್ನ ಸರದಿ ಬಂದಾಗ ಮಾತ್ರ ಲೋಟ ಮೇಜಿನ ಮೇಲೇ ಕೂಡುತ್ತಿತ್ತು. "ಲೇ ದೇವದುರ್ಗ, ನೀ ಬರೇ ಕೈಲೆ ತೋರಿಸು" ಅನ್ನುತ್ತಿದ್ದರು. ನಾನು ದೇವದುರ್ಗ ತಾಲೂಕಿನವನು, ಹೊಳೆದಂಡೆಯ ಗೂಗಲ್ ಊರಿನ ಕಡೆಯ ಹಳ್ಳಿ. ನಮ್ಮ ಕೇರಿಯವರ ಕೈಗೆ ಊರವರ ಲೋಟ ಕೊಡುವ ಪದ್ಧತಿ ಇರಲಿಲ್ಲ. ಅವ್ವ ಕೂಲಿಗೆ ಹೋದ ಹೊಲದಲ್ಲಿ ಬೊಗಸೆಗೆ ನೀರು ಹಾಕುತ್ತಿದ್ದರು, ನನಗೆ ಶಾಲೆಯಲ್ಲಿ ಬರಿಗೈಗೆ ಇಂಗ್ಲಿಷ್ ಹಾಕುತ್ತಿದ್ದರು. ಹೊರಗಿನ ಬಾಗಿಲ ಹತ್ತಿರ ಕೂತು, ಇಲ್ಲದ ಲೋಟವನ್ನು ಹಿಡಿದು, ಇಲ್ಲದ ಮಜ್ಜಿಗೆಯನ್ನು ಮೂಸಿ ಚೆಲ್ಲಿ, ಇಲ್ಲದ ಮಜ್ಜಿಗೆ ಕುಡಿದು ತುಟಿ ಒರೆಸಿದೆ. ಹೀಗೆ ನಾಲ್ಕು ವರ್ಷ. ಇಡೀ ತರಗತಿಯಲ್ಲಿ ನನ್ನಷ್ಟು ಚೊಕ್ಕಾಗಿ ಮಾಡುವವರು ಇರಲಿಲ್ಲ, ಅದು ಅವರಿಗೂ ಗೊತ್ತಿತ್ತು.

ನಾಲ್ಕು ನಕಾರ ಕಲಿಸುವ ಈ ಮನುಷ್ಯ ತಾವು ಮಾತ್ರ ಬಾಯಿಬಿಟ್ಟು ಇಲ್ಲ ಅಂದವರಲ್ಲ. ಏನು ಕೇಳಿದರೂ "ನೋಡೂಣು" ಅನ್ನುವುದು. ಒಮ್ಮೆ ಪಕ್ಕದ ಮನೆಯವರು ಮಳೆಯಲ್ಲಿ ಬಂದು ಛತ್ರಿ ಕೇಳಿದರು. ಮಾಸ್ತರು "ನೋಡೂಣು" ಎಂದು ಛತ್ರಿಯನ್ನು ಬಿಚ್ಚಿ ಒಣಗಲು ಇಟ್ಟರು. ಮಳೆ ನಿಲ್ಲುವ ತನಕ ಛತ್ರಿ ಒಣಗಿತು, ಪಕ್ಕದ ಮನೆಯವರು ತೊಲೆ ಎಣಿಸುತ್ತ ನಿಂತರು.

ಒಂದು ಒಳ್ಳೆಯದನ್ನೂ ಹೇಳಬೇಕು, ಹೊಟ್ಟೆ ಉರಿದರೂ ಹೇಳುತ್ತೇನೆ. ನಾನು ರಾಯಚೂರಿನಲ್ಲಿ ಚಿಕ್ಕಪ್ಪನ ಗುಡಿಸಲಲ್ಲಿದ್ದೆ. ಚಿಕ್ಕಪ್ಪ ರೈಲ್ವೆ ಕೆಲಸಕ್ಕೆ ಹಾಕಿದ ಅರ್ಜಿ ಇಂಗ್ಲಿಷಿನ ಎರಡು ಸಾಲಿನೊಂದಿಗೆ ವಾಪಸ್ ಬಂದಿತ್ತು. ಕೆಲಸ ಹೋಯಿತೆಂದು ಚಿಕ್ಕಮ್ಮ ಅತ್ತಳು. ಮಾಸ್ತರು ಅವರ ಮನೆಯ ಮೆಟ್ಟಿಲ ಕೆಳಗಿನ ಕಲ್ಲಿನ ಮೇಲೆ ಕಾಗದ ಇಡಿಸಿ, ಮುಟ್ಟದೆ, ಬಗ್ಗಿ ಓದಿದರು. "ಇದು ರಿಜೆಕ್ಟ್ ಅಲ್ಲೋ, ಡಿಕ್ಲೈನ್ ಅದ. ಬಾಗಲಾ ಮುಚ್ಯಾರ, ಅಗಳಿ ಹಾಕಿಲ್ಲ. ಮತ್ತೊಂದು ಬರಿಯೂಣು" ಎಂದರು. ಅವರು ಮೆಟ್ಟಿಲ ಮೇಲೆ ನಿಂತು ಹೇಳಿದರು, ನಾನು ಕೆಳಗೆ ಕೂತು ಬರೆದೆ. ಚಿಕ್ಕಪ್ಪನಿಗೆ ಹಳಿ ರಿಪೇರಿಯ ಗ್ಯಾಂಗಿನಲ್ಲಿ ಕೆಲಸ ಸಿಕ್ಕಿತು. ಸಾಯುವ ತನಕ ಅವನು ಮಾಸ್ತರ ಹೆಸರು ಹೇಳಿ ಊಟಕ್ಕೆ ಕೂಡುತ್ತಿದ್ದ. ಕೇಳಿದಾಗೆಲ್ಲ ನಾನು ರೊಟ್ಟಿ ಬಿಟ್ಟು ಏಳುತ್ತಿದ್ದೆ.

ಯಾಕೆಂದರೆ ಅದಾದ ಮೇಲೆ ನನ್ನ ಬಾಗಿಲಿಗೆ ಅವರೇ ಅಗಳಿ ಹಾಕಿದ್ದರು.

ನನ್ನ ಕೊನೆಯ ವರ್ಷ, ಹೈದರಾಬಾದಿನಿಂದ ಶಾಲೆ ನೋಡಲು ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಮಾಸ್ತರು ತಮ್ಮ ಹೆಸರುವಾಸಿ ಪಾಠವನ್ನೇ ತೆಗೆದರು. ಮುಂದಿನ ಸಾಲಿನ ಹುಡುಗನೊಬ್ಬ ಹೆದರಿ ರಿಜೆಕ್ಟಿಗೆ ಕೈ ಮುಗಿದ, ಡಿಕ್ಲೈನಿಗೆ ಮಜ್ಜಿಗೆ ಚೆಲ್ಲಿದ. ಸಾಹೇಬರು ನಕ್ಕು, ಬಾಗಿಲ ಹತ್ತಿರ ಕೂತಿದ್ದ ನನ್ನ ಕಡೆ ಬೆರಳು ಮಾಡಿ, ಆ ಹಿಂದಿನವನು ಬರಲಿ ಎಂದು ಉರ್ದುವಿನಲ್ಲಿ ಹೇಳಿದರು. ಮಾಸ್ತರು "ಬರೇ ಕೈಲೆ" ಅನ್ನಲು ಬಾಯಿ ತೆರೆದರು. ಸಾಹೇಬರು ಆಗಲೇ ಲೋಟವನ್ನು ಮೇಜಿನಿಂದ ಎತ್ತಿ ನನ್ನ ಕೈಗೆ ಕೊಟ್ಟಾಗಿತ್ತು.

ಆ ಲೋಟದ ತಂಪು ಇವತ್ತಿಗೂ ನನ್ನ ಅಂಗೈಯಲ್ಲಿದೆ. ಮೊದಲ ಮೂರನ್ನು ಮಾಡಿ ತೋರಿಸಿದೆ, ಚೆಲ್ಲಿದ ಲೋಟವನ್ನು ಸಾಹೇಬರೇ ಮತ್ತೆ ತುಂಬಿದರು. ನಾಲ್ಕನೆಯದಕ್ಕೆ ಲೋಟವನ್ನು ಮೇಲೆತ್ತಿ ಸುರಿದುಕೊಳ್ಳಬಹುದಿತ್ತು, ಹಾಗೆ ಮಾಡಲಿಲ್ಲ. ಅಂಚಿಗೆ ತುಟಿ ಹಚ್ಚಿ, ಕೊನೆಯ ಹನಿಯ ತನಕ ಕುಡಿದೆ. ಶುಂಠಿ, ಕೊತ್ತಂಬರಿ ಹಾಕಿದ್ದ ಮಜ್ಜಿಗೆ. ನಾಲ್ಕು ವರ್ಷ ಅದರ ವಾಸನೆ ಮಾತ್ರ ನನಗೆ ಗೊತ್ತಿತ್ತು. ತುಟಿ ಒರೆಸಿ, ಮಾಸ್ತರನ್ನೇ ನೋಡುತ್ತ, ಕುಡಿದಿಲ್ಲ ಎಂದೆ. ಸಾಹೇಬರು ಬೆನ್ನು ತಟ್ಟಿದರು. ಊಟ ವಸತಿ ಕೊಟ್ಟು ಬಡ ಹುಡುಗರನ್ನು ಹೈದರಾಬಾದಿನಲ್ಲಿ ಓದಿಸುವ ಏರ್ಪಾಡಿದೆ, ಅಲ್ಲಿಂದ ಕಾಗದ ಬರುತ್ತದೆ, ಬಂದ ಕೂಡಲೇ ಈ ಹುಡುಗನ ಅರ್ಜಿ ಕಳಿಸಿ ಎಂದು ಎಲ್ಲರೆದುರು ಮಾಸ್ತರಿಗೆ ಹೇಳಿ ಹೋದರು.

ಅವರ ಟಾಂಗಾ ತಿರುವು ದಾಟುವುದನ್ನೇ ಕಾಯುತ್ತಿದ್ದ ಮಾಸ್ತರು ಶಾಲೆಯ ಹಿಂದೆ ಸಗಣಿ ಕುಳ್ಳು ಒಟ್ಟಿ ಬೆಂಕಿ ಹಚ್ಚಿಸಿದರು. ಇಡೀ ತರಗತಿಯನ್ನು ಸುತ್ತ ನಿಲ್ಲಿಸಿ, ಇಕ್ಕಳದಿಂದ ಲೋಟವನ್ನು ಹಿಡಿದು ಬೆಂಕಿಯಲ್ಲಿಟ್ಟರು. ನಾವು ಮುಟ್ಟಿದ ಲೋಹವನ್ನು ಬೆಂಕಿಗೆ ಹಾಕಿ ಶುದ್ಧ ಮಾಡಿಕೊಳ್ಳುವುದು ಅವರ ಮನೆತನದ ಕ್ರಮ. ಬೈಯಲಿಲ್ಲ, ಹೊಡೆಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲವೇನೋ.

ಆದರೆ ಶುದ್ಧಿಯ ಭರದಲ್ಲಿ ಒಂದನ್ನು ಮರೆತಿದ್ದರು. ಕಲಾಯಿ ಅಂದರೆ ತವರ, ಬೆಂಕಿಗೆ ನಿಲ್ಲುವುದಿಲ್ಲ. ಒಳಗಿನ ಹೊಳಪೆಲ್ಲ ಕರಗಿ ಮಣಿಮಣಿಯಾಗಿ ಬೂದಿಗೆ ಬಿತ್ತು, ಬುಡ ಕರ್ರಗಾಯಿತು. ಹಠಕ್ಕೆ ಬಿದ್ದು ಮರುದಿನ ಅದೇ ಲೋಟದಲ್ಲಿ ಮಜ್ಜಿಗೆ ಸುರಿದಿಟ್ಟು, ಒಂದು ಪಾಠ ಮುಗಿಸಿ ಕುಡಿದರು. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಮಜ್ಜಿಗೆ ನಿಂತರೆ ಕಿಲುಬಾಗುತ್ತದೆ. ಮಧ್ಯಾಹ್ನದ ತನಕ ಮಾಸ್ತರು ಬೇವಿನ ಗಿಡದ ಬುಡದಲ್ಲಿ ಕೂತು ವಾಂತಿ ಮಾಡಿಕೊಂಡರು. ಮಾಡಿದ್ದುಣ್ಣೋ ಮಹಾರಾಯ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಕಲಾಯಿ ಹಾಕುವವನು ಊರಿಗೆ ಬರುವ ತನಕ ಶಾಲೆಯಲ್ಲಿ ನಾಲ್ಕು ಮಾತಿನ ಪಾಠ ನಡೆಯಲಿಲ್ಲ.

ನಾನು ಹೈದರಾಬಾದಿನ ಕಾಗದ ಕಾಯುತ್ತ ಕೂತೆ. ಪರೀಕ್ಷೆ ಮುಗಿಯಿತು, ಪಾಸೂ ಆದೆ. ನಾಲ್ಕು ಸಲ ಮಾಸ್ತರ ಮೆಟ್ಟಿಲ ಕೆಳಗೆ ನಿಂತು ಕೇಳಿದೆ. ಮೊದಲ ಮೂರು ಸಲ "ನೋಡೂಣು". ನಾಲ್ಕನೆಯ ಸಲ ಅವರು ಊಟ ಮುಗಿಸಿ ಎದ್ದು ಬಂದಿದ್ದರು. ಎಡಗೈಯಿಂದ ತುಟಿ ಒರೆಸಿ, "ಯಾವ ಕಾಗದಾನೂ ಬಂದಿಲ್ಲ. ಮಜ್ಜಿಗಿಗೆ ಬಂದಾವಗ ಎಮ್ಮಿ ಕ್ರಯ ಯಾಕಲೇ?" ಎಂದರು. ಅವ್ವ ನನಗೆಂದು ಒಂದು ಕೌದಿ ಹೊಲಿದು ಇಟ್ಟಿದ್ದಳು, ಹೈದರಾಬಾದಿಗೆ ಒಯ್ಯಲಿ ಎಂದು. ಅದನ್ನು ಹೊದ್ದು ನಾನು ರಾಯಚೂರಿನ ಹತ್ತಿ ಗಿರಣಿಯ ಅರಳೆಯ ಧೂಳಿನಲ್ಲಿ ಆರು ವರ್ಷ ಕಳೆದೆ. ಮೊದಲು ಹಮಾಲಿ, ಆಮೇಲೆ ಚೀಟಿ ಬರೆಯುವ ಕೆಲಸ.

ಶಾಲೆಯ ಜವಾನ ಚಾಂದಸಾಬ ಕೆಲಸ ಬಿಟ್ಟ ಮೇಲೆ ಒಂದು ದಿನ ಸ್ಟೇಷನ್ನಿನಲ್ಲಿ ಸಿಕ್ಕ. ನನ್ನ ತಲೆಯ ಮೇಲಿನ ಅರಳೆ ನೋಡಿ, "ಅರೆ, ನೀ ಹೈದರಾಬಾದಿಗೆ ಹೋಗಲಿಲ್ಲೇನಪಾ?" ಎಂದ.

"ಕಾಗದಾನ ಬರಲಿಲ್ಲ, ಚಾಚಾ."

"ಬಂದಿತ್ತಪಾ. ಲಿಫಾಫಾ ನಾನ ತಂದು ಮಾಸ್ತರ ಕೈಯಾಗ ಇಟ್ಟೀನಿ. ಎರಡು ಸಲ ಬಂತು. ಓದಿ ಕೋಟಿನ ಕಿಸೆದಾಗ ಹಾಕ್ಕೊಂಡ್ರು."

ಗಿರಣಿಯ ಕಚೇರಿಯಲ್ಲಿ ಒಂದು ಹರಕು ಇಂಗ್ಲಿಷ್ ನಿಘಂಟು ಇತ್ತು. ಅವತ್ತು ಹೋಗಿ ಡಿನೈ ಎಂಬ ಮಾತನ್ನು ತೆಗೆದು ನೋಡಿದೆ. ಆದದ್ದನ್ನು ಆಗಿಲ್ಲ ಅನ್ನುವುದು, ಅದು ನನಗೆ ಗೊತ್ತಿದ್ದ ಅರ್ಥ. ಅದರ ಕೆಳಗೆ ಇನ್ನೊಂದಿತ್ತು, ಒಬ್ಬನಿಗೆ ಸಲ್ಲಬೇಕಾದ್ದನ್ನು ಅವನಿಗೆ ಸಿಗದಂತೆ ಮಾಡುವುದು. ಅದನ್ನು ಮಾಸ್ತರು ಕಲಿಸಿರಲಿಲ್ಲ, ಬರೀ ಮಾಡಿ ತೋರಿಸಿದ್ದರು. ಉಪ್ಪು ತಿಂದವನು ನೀರು ಕುಡಿಯಲೇಬೇಕು, ನೀನು ಕುಡಿಯುವ ದಿನ ನಾನು ಎದುರಿಗಿರಬೇಕು ಎಂದು ಆ ಪುಸ್ತಕ ಮುಚ್ಚಿದೆ.

ನಿಜಾಮರ ರಾಜ್ಯ ಹೋದ ಮೇಲೆ ಕಚೇರಿಗಳಿಗೆ ಇಂಗ್ಲಿಷ್ ಬಲ್ಲವರು ಬೇಕಾದರು. ನನಗೆ ಮಾನ್ವಿಯ ಒಂದು ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಮಾಸ್ತರೂ ಅಷ್ಟರಲ್ಲಿ ನಿವೃತ್ತರಾಗಿ ತಮ್ಮ ಊರು ಮಾನ್ವಿಗೇ ಬಂದು ಕೂತಿದ್ದರು. ಅಲ್ಲಿ ಹೊಸ ಶಾಲೆಯೊಂದು ತೆರೆಯುವುದಿತ್ತು, ಎಲ್ಲ ಕೇರಿಯ ಮಕ್ಕಳೂ ಒಂದೇ ಸಾಲಿನಲ್ಲಿ ಕೂಡುವ ಶಾಲೆ. ಅದರ ಹೆಡ್‌ಮಾಸ್ತರ ಜಾಗಕ್ಕೆ ನಿವೃತ್ತರನ್ನೂ ಕರೆದಿದ್ದರು, ಅವರು ಅರ್ಜಿ ಹಾಕಿದರು. ಯಾರೋ ಹಳೆಯ ಲೋಟದ ಕಥೆಯನ್ನು ಬರೆದು ತಕರಾರು ಕಳಿಸಿದರು. ನಾನಲ್ಲ. ನನಗೆ ಹೊಳೆದಿದ್ದರೆ ನಾನೇ ಬರೆಯುತ್ತಿದ್ದೆ. ವಿಚಾರಣೆಗೆ ಬೇರೆ ಊರಿನಿಂದ ಒಬ್ಬ ಸಾಹೇಬರು ಬರುವುದಾಯಿತು, ಅವರು ನನ್ನನ್ನೂ ಕೇಳುವವರಿದ್ದರು.

ಹಿಂದಿನ ದಿನ ಸಂಜೆ ಮಾಸ್ತರು ಕಚೇರಿಯ ಬಾಗಿಲಲ್ಲಿ ನಿಂತಿದ್ದರು. ಅದೇ ಟೋಪಿ, ಅದೇ ಕೋಟು, ಕೋಟಿನೊಳಗಿನ ಮನುಷ್ಯ ಮಾತ್ರ ಸಣ್ಣಗಾಗಿದ್ದ. "ಏನ್ರಿ ದೇವದುರ್ಗ, ಆರಾಮ ಇದ್ದೀರೇನು? ಮನಿಗೆ ಬರ್ರಿ, ಮಜ್ಜಿಗಿ ಕುಡಿಯೂಣು" ಎಂದರು. ಲೇ ಹೋಗಿ ರೀ ಬಂದಿತ್ತು, ಹೆಸರು ಇನ್ನೂ ಬಂದಿರಲಿಲ್ಲ.

ಹೋದೆ. ಮೆಟ್ಟಿಲು ಹತ್ತಿಸಿದರು, ಪಡಸಾಲೆಯಲ್ಲಿ ಚಾಪೆ ಹಾಸಿ, "ಕುಂದರ್ರಿ" ಎಂದರು. ಅವರ ಹೆಂಡತಿ ಒಳಗಿನಿಂದ ತಂಬಿಗೆ ತಂದಿಟ್ಟು ಹೋದರು. ಮಾಸ್ತರು ತಮ್ಮ ಕೈಯಾರೆ ಸುರಿದು ಲೋಟವನ್ನು ನನ್ನ ಮುಂದೆ ಹಿಡಿದರು. ಬುಡ ನೋಡಿದೆ, ಕಪ್ಪು ಹಾಗೇ ಇತ್ತು. ಒಳಗೆ ಹೊಸ ಕಲಾಯಿ.

"ನಾಳೆ ಸಾಹೇಬರು ಕೇಳ್ತಾರ. ಲೋಟದ ಮಾತು ಸುಳ್ಳು, ನಿನ್ನೆ ಸಂಜಿನ ಅವರ ಮನ್ಯಾಗ ಕುಡದು ಬಂದೀನಿ ಅಂದ್ರ ಸಾಕ್ರಿ. ಬರೇ ಅಷ್ಟು" ಎಂದರು. ಆ ಜಾಗ ಸಿಗದಿದ್ದರೆ ಅವರಿಗೆ ಸುಮ್ಮನೆ ಕೂಡುವ ಮುಪ್ಪು, ಅದು ಅವರ ಮುಖದಲ್ಲೇ ಕಾಣುತ್ತಿತ್ತು. ಸುಮ್ಮನೆ ಕೂಡಬಲ್ಲ ಮನುಷ್ಯ ಅವರಲ್ಲ.

ನಾನು ಲೋಟ ಹಿಡಿದು ಕೂತೆ. ಒಂದೇ ಒಂದು ಮಾತು ಕೇಳಿದೆ. ಅದಕ್ಕೆ ಸರಿಯಾದ ಉತ್ತರ ಬಂದಿದ್ದರೆ ಮರುದಿನ ಅವರ ಪರವಾಗಿ ನಿಲ್ಲಲು ನಾನು ತಯಾರಿದ್ದೆ, ಇದು ನಿಜ. "ಮಾಸ್ತರ, ಹೈದರಾಬಾದಿನ ಆ ಲಿಫಾಫಾ ಎಲ್ಲಿ ಅದ?"

ಅವರು ತಮ್ಮ ಪಾಲಿನ ಮಜ್ಜಿಗೆಯನ್ನು ತಂಬಿಗೆಯಿಂದಲೇ ಎತ್ತಿ ಕುಡಿದರು. ಎಡಗೈಯ ಹಿಂಬದಿಯಿಂದ ತುಟಿ ಒರೆಸಿದರು. "ಯಾವ ಲಿಫಾಫಾ?" ಎಂದರು.

ನಾನು ಕೊನೆಯ ಹನಿಯ ತನಕ ಕುಡಿದೆ. "ಆಗ್ಲಿರಿ. ನಾಳೆ ಹೇಳ್ತೀನಿ" ಎಂದು ಎದ್ದು ಬಂದೆ.

ಮರುದಿನ ಸಾಹೇಬರು ಮೇಜಿನ ಹಿಂದೆ, ಮಾಸ್ತರು ಒಂದು ಕಡೆ, ನಾನು ಒಂದು ಕಡೆ. ಶಾಲೆಯಲ್ಲಿ ಲೋಟವನ್ನು ಬೆಂಕಿಗೆ ಹಾಕಿದ್ದು ಹೌದೇ ಎಂದು ಕೇಳಿದರು. ಹೌದು ಎಂದೆ, ಅದು ನಿಜವೇ. ಸಾಹೇಬರು ಮಾಸ್ತರ ಕಡೆ ನೋಡಿದರು. "ಅದೆಲ್ಲ ಹಿಂದಿನ ಮಾತ್ರಿ. ಈಗ ಹಂಗಿಲ್ಲ. ನಿನ್ನೆ ಇವರು ನಮ್ಮ ಮನ್ಯಾಗ, ಅದೇ ಲೋಟದಾಗ ಮಜ್ಜಿಗಿ ಕುಡದಾರ. ಕೇಳ್ರಿ ಬೇಕಾದ್ರ" ಎಂದರು ಮಾಸ್ತರು.

ಸಾಹೇಬರು ನನ್ನ ಕಡೆ ತಿರುಗಿದರು. ನಾನು ಅವಸರ ಮಾಡಲಿಲ್ಲ. ಎಡಗೈ ಎತ್ತಿ, ಹಿಂಬದಿಯಿಂದ ತುಟಿ ಒರೆಸಿದೆ. ಮಾಸ್ತರ ಕಣ್ಣಲ್ಲಿ ಕಣ್ಣಿಟ್ಟೆ.

"ಇಲ್ಲ ಸಾಹೇಬರ. ನಾ ಕುಡದಿಲ್ಲ."

ಮಾಸ್ತರು ಕಣ್ಣು ಇಳಿಸಿ ನನ್ನ ಕೈಯನ್ನು ನೋಡಿದರು. ಹೆಂಡತಿಯನ್ನು ಕರೆಸಿ ಸಾಕ್ಷಿ ಹೇಳಿಸಬಹುದಿತ್ತು. ನಾನು ಸುಳ್ಳುಗಾರ ಎಂದು ಕೂಗಬಹುದಿತ್ತು. "ನಿಮ್ಮದೇನಾದರೂ ಹೇಳುವುದಿದೆಯೇ?" ಎಂದು ಸಾಹೇಬರು ಎರಡು ಸಲ ಕೇಳಿದರು.

"ಇಲ್ಲ" ಎಂದರು ಮಾಸ್ತರು. ಬರೀ ಆ ಒಂದು ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. ಛತ್ರಿ ಎತ್ತಿಕೊಂಡು ಹೋದರು.

ಸಾಹೇಬರು ಅವರ ಅರ್ಜಿಯನ್ನು ಕೈಗೆ ತೆಗೆದುಕೊಂಡು, ಮೇಲಿನಿಂದ ಕೆಳಗೆ ಓದಿ, ರಿಜೆಕ್ಟೆಡ್ ಎಂದು ಬರೆದರು. ಅದರ ನಕಲು ತೆಗೆದವನು ನಾನು. ಅಕ್ಷರ ದುಂಡಗೆ ಬಂತು. ಬಿಸಿಲು ಇಳಿಯುವ ಮುಂಚೆ ಮನೆಗೆ ಹೋಗಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಪಶ್ಚಾತ್ತಾಪ ಆಗಲಿಲ್ಲವೇ ಎಂದು ಕೇಳುವವರಿದ್ದಾರೆ. ಆಗಲಿಲ್ಲ. ಆರು ವರ್ಷದ ಅರಳೆಯ ಧೂಳು ಅವತ್ತು ಗಂಟಲಿನಿಂದ ಇಳಿದ ಹಾಗಾಯಿತು. ಲೆಕ್ಕ ಚುಕ್ತಾ ಎಂದುಕೊಂಡು ಇಷ್ಟು ದಿನ ಹಾಯಾಗಿಯೇ ಇದ್ದೆ.

ಮೊನ್ನೆ ಆ ಇಬ್ಬರು ಚಪ್ಪಲಿ ಮೆಟ್ಟುತ್ತಿದ್ದಾಗ ನನಗೊಂದು ಅನುಮಾನ ಬಂತು. ಮಾನ್ವಿ ಬಿಟ್ಟು ನನಗೆ ಎಷ್ಟೋ ವರ್ಷವಾಗಿದೆ, ಆ ಊರಲ್ಲಿ ನನ್ನ ನೆನಪಿರುವವರು ಯಾರೂ ಇಲ್ಲ. "ಅಲ್ರಿ, ನಾ ಅವರ ಶಿಷ್ಯ ಅಂತ ನಿಮಗ ಯಾರು ಹೇಳಿದ್ರು?" ಎಂದು ಕೇಳಿದೆ.

"ಅವರ ಹೇಳತಿದ್ರಲ್ರಿ" ಎಂದ ಒಬ್ಬ. "ಟ್ಯೂಶನ್ನಿನಾಗ ಮಜ್ಜಿಗಿ ಪಾಠ ಮಾಡತಿದ್ರು. ಎಲ್ಲಾರ ಕೈಯಾಗೂ ಲೋಟ ಕೊಡತಿದ್ರು, ಯಾರ ಮಗ ಅಂತ ಕೇಳತಿದ್ದಿಲ್ಲ. ಡಿನೈ ಬಂತಂದ್ರ ಮಾತ್ರ ಯಾರು ಹೆಂಗ ಮಾಡಿದ್ರೂ ಅವರಿಗೆ ಸಮಾಧಾನ ಇರತಿದ್ದಿಲ್ಲ."

"ಏನಂತಿದ್ರು?"

"'ಇದನ್ನ ಪೂರಾ ಸರಿಯಾಗಿ ಮಾಡಿದಾವ ಒಬ್ಬನ. ನನ್ನ ಶಿಷ್ಯ, ಹುಲಿಗೆಪ್ಪ' ಅಂತಿದ್ರು. ಪ್ರತಿ ವರ್ಷಾ ಅಂತಿದ್ರು."

ಅವರು ಹೋದರು. ನನ್ನ ಸೇಡನ್ನೂ ಪಾಠ ಮಾಡಿಕೊಂಡು ಉಂಡ ಮನುಷ್ಯ. ಅದು ಹೋಗಲಿ ಅನ್ನಬಹುದು. ಆದರೆ ಹುಲಿಗೆಪ್ಪ ಎಂಬ ನನ್ನ ಹೆಸರು ಅವರಿಗೆ ಅಷ್ಟು ದಿನವೂ ಗೊತ್ತಿತ್ತು.